ಆ್ಯಡ್-ಆನ್ ಹಾಕಿದ ಮೇಲೆ ಸೆಸ್ನಾ 172 ಸರಿಯಾಗಿ ಮೇಲೇರುತ್ತಿಲ್ಲ

ಪ್ರಶ್ನೆ:
ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಎಂಬ ಕಂಪ್ಯೂಟರ್ ಆಟದಲ್ಲಿ ನಾನು ಹೆಚ್ಚಾಗಿ ಹಾರಿಸುವುದು ಸೆಸ್ನಾ 172ಎಸ್ ವಿಮಾನವನ್ನು. ಅದರ ಹಾರಾಟದ ಗುಣವನ್ನು ತಿದ್ದುವ ಒಂದು ಆ್ಯಡ್-ಆನ್ (ಆಟಕ್ಕೆ ಹೆಚ್ಚುವರಿಯಾಗಿ ಸೇರಿಸುವ ತಂತ್ರಾಂಶ), ಕೆಲವು ಲಿವರಿಗಳು (ವಿಮಾನದ ಹೊರಮೈಯ ಬಣ್ಣ-ವಿನ್ಯಾಸಗಳು) ಮತ್ತು ಹವಾಮಾನದ ಇನ್ನೊಂದು ಆ್ಯಡ್-ಆನ್ ಹಾಕಿಕೊಂಡ ಮೇಲೆ ವಿಮಾನ ಮೇಲೇರಲು ಒದ್ದಾಡುತ್ತಿದೆ. ಎಂಜಿನ್ ಶಕ್ತಿಯನ್ನು ನಿಯಂತ್ರಿಸುವ ಥ್ರಾಟಲನ್ನು ಪೂರ್ತಿ ಮುಂದಕ್ಕೆ ತಳ್ಳಿ, ವೇಗವನ್ನು 74 ನಾಟ್‌ನ ಆಸುಪಾಸಿನಲ್ಲೇ ಕಾಯ್ದುಕೊಂಡರೂ, 4000 ಅಡಿ ಎತ್ತರದಲ್ಲಿ ಏರಿಕೆಯ ದರ ನಿಮಿಷಕ್ಕೆ 300 ಅಡಿಯನ್ನು ದಾಟುವುದಿಲ್ಲ. ಫ್ರೇಮ್ ರೇಟ್ ಚೆನ್ನಾಗಿಯೇ ಇದೆ. ಆ್ಯಡ್-ಆನ್‌ನ ಲೆಕ್ಕವೇ ತಪ್ಪಿದೆಯೇ, ಅಥವಾ ಬೇರೆಡೆ ನೋಡಬೇಕೇ?

ಮೊದಲ ಉತ್ತರ:
ಯಾವುದಕ್ಕೆ ಹೋಲಿಸಿ ಕಡಿಮೆ ಎನ್ನುತ್ತಿದ್ದೀರಿ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಈ ವಿಮಾನಕ್ಕೆ ಹೇಳುವ ನಿಮಿಷಕ್ಕೆ 730 ಅಡಿಯ ದರವು ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಮತ್ತು 1013.25 ಹೆಕ್ಟೋಪ್ಯಾಸ್ಕಲ್ ಒತ್ತಡವಿರುವಾಗ, 2550 ಪೌಂಡ್‌ಗಳ ಪೂರ್ಣ ತೂಕಕ್ಕೆ ಅನ್ವಯಿಸುವಂಥದು. 4000 ಅಡಿಯಲ್ಲಿ ಪ್ರಮಾಣಿತ ಉಷ್ಣಾಂಶ ಸುಮಾರು 7 ಡಿಗ್ರಿ. ನಿಮ್ಮ ಹವಾಮಾನದ ಆ್ಯಡ್-ಆನ್ ಅಲ್ಲಿ 27 ಡಿಗ್ರಿ ತಂದಿಟ್ಟರೆ, ಹೆಚ್ಚಾದ ಪ್ರತಿ ಡಿಗ್ರಿಗೆ ಸುಮಾರು 120 ಅಡಿಯ ಲೆಕ್ಕದಲ್ಲಿ, ರೆಕ್ಕೆಗೂ ಎಂಜಿನ್‌ಗೂ 6400 ಅಡಿಯ ತೆಳುಗಾಳಿಯೇ ಸಿಗುತ್ತದೆ. ಆದರೂ 300 ಎಂಬುದು ತೀರಾ ಕಡಿಮೆ, ತಪ್ಪನ್ನೆಲ್ಲ ಬಿಸಿಲಿನ ಮೇಲೆ ಹೊರಿಸಲಾಗದು. ಲೈವ್ ಹವಾಮಾನವನ್ನು ನಿಲ್ಲಿಸಿ, ಗಾಳಿಯಿಲ್ಲದ ಪ್ರಮಾಣಿತ ವಾತಾವರಣದಲ್ಲಿ, ಸಮುದ್ರಮಟ್ಟದ ಒಂದು ನಿಲ್ದಾಣದಿಂದ ಪೂರ್ಣ ತೂಕದೊಂದಿಗೆ ಹಾರಿ ನೋಡಿ.

ಎರಡನೆಯ ಉತ್ತರ:
ಹಾರುವ ಮೊದಲೇ ಒಂದು ಪರೀಕ್ಷೆ ಸಾಧ್ಯ. ಬ್ರೇಕ್ ಹಿಡಿದುಕೊಂಡು ಥ್ರಾಟಲನ್ನು ಪೂರ್ತಿ ತೆರೆದಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಮುಳ್ಳು 2300ರ ಆಸುಪಾಸಿಗೆ ಬಂದು ನಿಲ್ಲಬೇಕು. 2100ರಲ್ಲೇ ನಿಂತರೆ ಎಂಜಿನ್‌ಗೆ ಪೂರ್ಣ ಶಕ್ತಿ ತಲುಪುತ್ತಿಲ್ಲ ಎಂದರ್ಥ. ಆಗ ಪರದೆಯ ಕಾಕ್‌ಪಿಟ್‌ನಲ್ಲಿ ಥ್ರಾಟಲ್ ಗುಂಡಿಯನ್ನು ಹತ್ತಿರದಿಂದ ನೋಡಿ: ನಿಮ್ಮ ಕೈಯಲ್ಲಿರುವ ಲಿವರ್ ಕೊನೆ ಮುಟ್ಟಿದ್ದರೂ ಆ ಗುಂಡಿ ಫಲಕಕ್ಕೆ ತಾಗದೆ ಬೆರಳಗಲದ ಸಂದು ಉಳಿದಿದ್ದರೆ, ಆ್ಯಕ್ಸಿಸ್‌ನ (ಲಿವರ್‌ನ ಚಲನೆಯನ್ನು ಆಟಕ್ಕೆ ತಿಳಿಸುವ ಸಂಕೇತ) ಕ್ಯಾಲಿಬ್ರೇಷನ್, ಅಂದರೆ ಅಳತೆಯ ಹೊಂದಾಣಿಕೆ, ತಪ್ಪಿದೆ ಅಥವಾ ಎರಡು ಸಾಧನಗಳು ಒಂದೇ ಆ್ಯಕ್ಸಿಸ್‌ಗೆ ಜೋಡಣೆಯಾಗಿವೆ. ಮಿಕ್ಸ್ಚರ್ (ಇಂಧನ ಮತ್ತು ಗಾಳಿಯ ಮಿಶ್ರಣ) ಮರೆಯಬೇಡಿ, 3000 ಅಡಿ ದಾಟಿದ ಮೇಲೂ ಅದನ್ನು ಪೂರ್ತಿ ರಿಚ್ (ಇಂಧನ ಹೆಚ್ಚು) ಇಟ್ಟರೆ ಶಕ್ತಿ ಕುಗ್ಗುತ್ತದೆ.

ಮೂರನೆಯ ಉತ್ತರ:
ನನ್ನ ಅನುಮಾನ ಲಿವರಿಗಳ ಮೇಲೆ. ಲಿವರಿಯೆಂದರೆ ಬರೀ ಬಣ್ಣ ಎಂದುಕೊಳ್ಳುತ್ತೇವೆ, ಆದರೆ ಕೆಲವರು ಅದರೊಂದಿಗೆ ಹಳೆಯ ಆವೃತ್ತಿಯ ಫ್ಲೈಟ್ ಮಾಡೆಲ್ (ವಿಮಾನ ಹೇಗೆ ಹಾರುತ್ತದೆ ಎಂಬ ಲೆಕ್ಕ) ಮತ್ತು ಎಂಜಿನ್ ಕಡತಗಳನ್ನೂ ಸೇರಿಸಿಬಿಟ್ಟಿರುತ್ತಾರೆ. ಒಂದೇ ಕಡತವನ್ನು ಎರಡು ಆ್ಯಡ್-ಆನ್‌ಗಳು ಬದಲಿಸಿದಾಗ ಸಿಮ್ಯುಲೇಟರ್ ಎಚ್ಚರಿಕೆಯನ್ನೇನೂ ಕೊಡದೆ ಕೊನೆಗೆ ಲೋಡ್ ಆದದ್ದನ್ನೇ ಬಳಸುತ್ತದೆ. ಆದ್ದರಿಂದ ಆ್ಯಡ್-ಆನ್‌ಗಳನ್ನು ಹಾಕುವ ಕಮ್ಯುನಿಟಿ ಫೋಲ್ಡರಿನಲ್ಲಿರುವುದನ್ನೆಲ್ಲ ಬೇರೆ ಕಡೆಗೆ ಸರಿಸಿ, ಮೂಲ ವಿಮಾನವನ್ನು ಅದೇ ವಾತಾವರಣದಲ್ಲಿ ಅದೇ ತೂಕದೊಂದಿಗೆ ಹಾರಿಸಿ ದರವನ್ನು ಬರೆದಿಟ್ಟುಕೊಳ್ಳಿ. ಬಳಿಕ ಒಂದೊಂದನ್ನೇ ಹಿಂದಕ್ಕೆ ತಂದು, ಪ್ರತಿ ಬಾರಿಯೂ ಸಿಮ್ಯುಲೇಟರನ್ನು ಮುಚ್ಚಿ ತೆರೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಫ್ಲೈಟ್ ಮಾಡೆಲ್ ಆಯ್ಕೆಯು ಲೆಗಸಿಯಲ್ಲಿದ್ದರೆ (ಹಳೆಯ ಬಗೆ) ಮಾಡರ್ನ್‌ಗೆ (ಹೊಸ ಬಗೆ) ಬದಲಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಆರ್‌ಪಿಎಂ ಮುಳ್ಳು 2300ಕ್ಕೆ ಸರಿಯಾಗಿ ಬರುತ್ತಿದೆ, ಗುಂಡಿಯೂ ಫಲಕಕ್ಕೆ ತಾಗುತ್ತಿದೆ. ಫೋಲ್ಡರ್ ಖಾಲಿ ಮಾಡಿದಾಗ ಸಮುದ್ರಮಟ್ಟದ ದರ 700 ದಾಟಿತು. ಹಾರಾಟ ತಿದ್ದುವ ಆ್ಯಡ್-ಆನ್ ಮರಳಿ ಹಾಕಿದರೂ ಹಾಗೆಯೇ ಉಳಿಯಿತು. ಲಿವರಿಗಳ ಒಂದು ಕಂತೆ ಸೇರಿಸಿದ ಕೂಡಲೇ ಕುಸಿಯಿತು, ಅದರೊಳಗೆ ಫ್ಲೈಟ್ ಮಾಡೆಲ್ ಕಡತವೂ ಇದೆ. ಆ ಕಡತವೊಂದನ್ನೇ ತೆಗೆದು ಲಿವರಿಯನ್ನು ಉಳಿಸಿಕೊಳ್ಳಬಹುದೇ?

ಮೂರನೆಯ ಉತ್ತರದವರು:
ಉಳಿಸಿಕೊಳ್ಳಬಹುದು, ಆದರೆ ಆ ಕಂತೆಯ ಲೇಔಟ್ ಕಡತದಲ್ಲಿರುವ (ಕಂತೆಯೊಳಗಿನ ಕಡತಗಳ ಪಟ್ಟಿ) ಅದರ ನಮೂದನ್ನೂ ಅಳಿಸಬೇಕು.