ಪದಚರ್ಚೆ: ‘ಆಕ್ಸೆಸಿಬಿಲಿಟಿ’ಗೆ ಲಭ್ಯತೆಯೋ, ಸುಗಮ್ಯತೆಯೋ?

ತೀರ್ಥಹಳ್ಳಿಯಿಂದ ಪ್ರಶ್ನೆ:

ಗೆಳೆಯರೆ, ತಾಲ್ಲೂಕು ಕಚೇರಿಗಳ ಜಾಲತಾಣ ವಿಕಲಚೇತನರಿಗೆ ಬಳಸಲು ಬರುವಂತಿದೆಯೇ ಎಂದು ನೋಡಲು ಕನ್ನಡದಲ್ಲಿ ಒಂದು ತಪಾಸಣಾ ಪಟ್ಟಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ಆಕ್ಸೆಸಿಬಿಲಿಟಿ’ ಒಮ್ಮೆ ‘ಲಭ್ಯತೆ’, ಒಮ್ಮೆ ‘ಪ್ರವೇಶಸಾಧ್ಯತೆ’, ಇನ್ನೊಮ್ಮೆ ‘ಸುಗಮ್ಯತೆ’ ಆಗಿದೆ. ಯಾವುದನ್ನು ಉಳಿಸಿಕೊಳ್ಳುವುದು? ಚಿತ್ರ ಕಾಣದವರಿಗೆಂದು ಅದರ ಹಿಂದೆ ಬರೆದಿಡುವ ‘ಆಲ್ಟ್ ಟೆಕ್ಸ್ಟ್’ಗೆ ‘ಚಿತ್ರಶೀರ್ಷಿಕೆ’, ಅಕ್ಷರ-ಹಿನ್ನೆಲೆಗಳ ಹೊಳಪಿನ ಅಂತರವಾದ ‘ಕಾಂಟ್ರಾಸ್ಟ್’ಗೆ ‘ವರ್ಣಭೇದ’ ಎಂದರೆ ನಡೆದೀತೆ?

ಸಾಗರದಿಂದ ಉತ್ತರ:

‘ಲಭ್ಯತೆ’ಯನ್ನು ಮೊದಲು ಹೊಡೆದುಹಾಕಿ. ಲಭ್ಯ ಎಂದರೆ ಇದೆ, ಸಿಗುತ್ತದೆ ಎಂದಷ್ಟೇ. ‘ಆದೇಶ ಜಾಲತಾಣದಲ್ಲಿ ಲಭ್ಯವಿದೆ’ ಎಂಬ ಮಾತು ಪಿಡಿಎಫ್ ಏರಿಸಿದ ಕ್ಷಣವೇ ನಿಜವಾಗುತ್ತದೆ. ಪಟ್ಟಿಯಲ್ಲಿ ‘ಲಭ್ಯತೆ ಇದೆಯೇ?’ ಎಂದು ಕೇಳಿದರೆ ಗುಮಾಸ್ತರು ‘ಹೌದು’ ಎಂದೇ ಬರೆಯುತ್ತಾರೆ, ಅದು ಅವರ ತಪ್ಪೂ ಅಲ್ಲ. ಅಡಿಕೆ ಕೊನೆ ಮರದಲ್ಲಿ ಇದೆ, ದೋಟಿಯಿಲ್ಲದವರಿಗೆ ಎಟುಕುವುದಿಲ್ಲ. ನಮಗೆ ಬೇಕಾದ ಅರ್ಥ ಆ ‘ಎಟುಕು’ವಿನಲ್ಲಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಮು ಮುದ್ರಣ, ಧ್ವನಿ, ವಿದ್ಯುನ್ಮಾನ ಮಾಧ್ಯಮಗಳಲ್ಲಿ ಲಭ್ಯವಿರುವುದೆಲ್ಲ ಸುಗಮ್ಯ ರೂಪದಲ್ಲಿರಬೇಕು ಎನ್ನುತ್ತದೆ. ಎರಡೂ ಮಾತು ಒಂದೇ ಸಾಲಿನಲ್ಲಿವೆ. ಎರಡಕ್ಕೂ ‘ಲಭ್ಯ’ ಹಾಕಿದರೆ ಕಾಯ್ದೆಗೆ ಅರ್ಥವೇ ಉಳಿಯುವುದಿಲ್ಲ.

ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು, ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮೊದಲಿನ ನುಡಿ ಫಾಂಟಿನ ಒಂದು ಸುತ್ತೋಲೆ ಸಾಕು. ಕಣ್ಣಿಗೆ ‘ಕನ್ನಡ’ ಎಂದೇ ಕಾಣುತ್ತದೆ. ಕಡತದೊಳಗೆ ಮಾತ್ರ ‘ಕ’ ಇರುವಲ್ಲಿ ರೋಮನ್ನಿನ ಪಿ ಮತ್ತು ನೆತ್ತಿಯ ಮೇಲೆ ಗೀಟಿರುವ ಎ, ‘ನ’ ಇರುವಲ್ಲಿ ಪೌಂಡ್ ಚಿಹ್ನೆ. ‘ಶಿವಮೊಗ್ಗ’ ಶುರುವಾಗುವುದು ಸಾಲಿನಿಂದ ಮೇಲಕ್ಕೆತ್ತಿ ಬರೆದ ಪುಟ್ಟ ‘2’ ಅಂಕಿಯಿಂದ. ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎಯಂಥ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಇದನ್ನೇ ಓದುತ್ತದೆ, ಕೇಳುವವರಿಗೆ ಒಂದು ಕನ್ನಡ ಪದವೂ ಸಿಗುವುದಿಲ್ಲ. ಸಹಿ, ಮೊಹರು ಹಾಕಿ ಸ್ಕ್ಯಾನ್ ಮಾಡಿದ ಆದೇಶವಾದರೆ ಅಷ್ಟೂ ಇಲ್ಲ, ಅದು ಬರಿಯ ಚಿತ್ರ.

ಆದ್ದರಿಂದ ಪಟ್ಟಿಯಲ್ಲಿ ಕ್ರಿಯಾಪದಗಳಲ್ಲೇ ಬರೆಯಿರಿ: ‘ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಮತ್ತೆ ತಾಳೆ ನೋಡಿದ್ದೀರಾ?’ ಪರಿವರ್ತನೆಯಲ್ಲಿ ಕೆಡುವುದು ಹೆಚ್ಚಾಗಿ ಅಲ್ಲೇ. ‘ಶೀರ್ಷಿಕೆಗಳಿಗೆ ಬರೀ ದಪ್ಪಕ್ಷರ ಹಾಕದೆ ಹೆಡಿಂಗ್ ಸ್ಟೈಲ್ ಕೊಟ್ಟಿದ್ದೀರಾ?’ ‘ಪಿಡಿಎಫ್ ಅನ್ನು ಪ್ರಿಂಟ್ ದಾರಿಯಿಂದ ಮಾಡದೆ, ಸೇವ್ ಆಸ್‌ನಲ್ಲಿ ರಚನೆಯ ಟ್ಯಾಗ್ ಉಳಿಸುವ ಆಯ್ಕೆಗೆ ಗುರುತು ಹಾಕಿ ಮಾಡಿದ್ದೀರಾ?’ ಯಾವುದು ಶೀರ್ಷಿಕೆ, ಯಾವುದು ಪ್ಯಾರಾ ಎಂದು ಸ್ಕ್ರೀನ್ ರೀಡರ್‌ಗೆ ಹೇಳುವ ಈ ಟ್ಯಾಗುಗಳು ಪ್ರಿಂಟ್ ದಾರಿಯಲ್ಲಿ ಉದುರಿಹೋಗುತ್ತವೆ. ಸಹಿಯ ಪ್ರತಿ ಬೇಕೇಬೇಕೆಂದರೆ ಪಕ್ಕದಲ್ಲೇ ಯೂನಿಕೋಡ್ ಪ್ರತಿಯೂ ಇರಲಿ. ಪುಟದ ಭಾಷೆಯನ್ನು ಇಂಗ್ಲಿಷ್ ಎಂದೇ ಬಿಟ್ಟಿದ್ದರೆ ಸರಿಯಾದ ಕನ್ನಡವನ್ನೂ ಇಂಗ್ಲಿಷ್ ಧ್ವನಿ ಓದಹೊರಟು ಎಡವುತ್ತದೆ, ಅದನ್ನೂ ಕೇಳಿ.

ತಲೆಬರಹಕ್ಕೆ ನಾಮಪದ ಬೇಕಲ್ಲ, ಅಲ್ಲಿ ‘ಸುಗಮ್ಯತೆ’ ಇರಲಿ. 2015ರ ಡಿಸೆಂಬರ್ 3ರಂದು ಶುರುವಾದ ಕೇಂದ್ರ ಸರ್ಕಾರದ ಸುಗಮ್ಯ ಭಾರತ ಅಭಿಯಾನದಿಂದ ಅದು ಕಚೇರಿಗಳಿಗೆ ಪರಿಚಿತ. ‘ಪ್ರವೇಶಸಾಧ್ಯತೆ’ ಇಳಿಜಾರು ದಾರಿಗೆ, ಬಾಗಿಲಿಗೆ ಒಪ್ಪೀತು. ಜಾಲತಾಣದಲ್ಲಿ ‘ಪ್ರವೇಶ’ ಎಂದರೆ ಲಾಗಿನ್ ಎಂದುಕೊಳ್ಳುತ್ತಾರೆ.

‘ವರ್ಣಭೇದ’ ಖಂಡಿತ ಬೇಡ, ಅದು ಚರ್ಮದ ಬಣ್ಣದ ತಾರತಮ್ಯಕ್ಕೆ ಸಂದ ಪದ. ‘ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5:1’ ಎಂದೇ ಬರೆಯಿರಿ. ದೊಡ್ಡಕ್ಷರಕ್ಕೆ 3:1 ಸಾಕು.

‘ಚಿತ್ರಶೀರ್ಷಿಕೆ’ಯೂ ಬೇಡ, ಶೀರ್ಷಿಕೆ ಎಲ್ಲರಿಗೂ ಕಾಣುವಂಥದ್ದು. ಆಲ್ಟ್ ಟೆಕ್ಸ್ಟ್ ಚಿತ್ರದ ಜಾಗದಲ್ಲಿ ನಿಲ್ಲುವಂಥದ್ದು. ಬದಲಿ ಬಸ್ಸು, ಬದಲಿ ಮಾರ್ಗ ಇದ್ದಂತೆ ‘ಬದಲಿ ಬರಹ’ ಎನ್ನೋಣ. ಮಳೆಗಾಲದಲ್ಲಿ ಆಗುಂಬೆ ಘಾಟಿಯ ಪ್ರಕಟಣೆ ಪೋಸ್ಟರ್ ಆಗಿ ಬಂದರೆ ‘ಘಾಟಿಯ ಚಿತ್ರ’ ಎಂಬುದು ಬದಲಿ ಆಗದು. ‘ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಷೇಧ’ ಎಂಬ ಮಾತು, ಯಾವ ದಿನದಿಂದ ಯಾವ ದಿನದವರೆಗೆ, ಬದಲಿ ಮಾರ್ಗ ಯಾವುದು, ಇಷ್ಟೂ ಅದರಲ್ಲಿ ಇರಬೇಕು.

ಹೊಸನಗರದಿಂದ:

ಮೇಲಿನದಕ್ಕೆ ಒಂದು ಸೇರ್ಪಡೆ. ವಿಡಿಯೊದ ‘ಕ್ಯಾಪ್ಶನ್’ಗೆ ‘ಅನುವಾದ ಸಾಲು’ ಎಂದು ಬರೆಯಬೇಡಿ. ಕಿವಿ ಕೇಳದವರಿಗೆ ಕನ್ನಡದ ಮಾತು ಕನ್ನಡದಲ್ಲೇ ಬೇಕು, ಜೊತೆಗೆ ‘ಸೈರನ್ ಸದ್ದು’ ಎಂಬಂಥ ಶಬ್ದದ ಸುಳಿವೂ ಬೇಕು. ‘ಮಾತು-ಸದ್ದಿನ ಬರಹ’ ಎಂದರೆ ಎರಡೂ ನೆನಪಿರುತ್ತವೆ.