ಹೊಸದಾಗಿ ಸ್ಕೀ ಕಲಿಸಲು ಹೊರಟಿದ್ದೇನೆ: ಯಾವ ಸ್ಕೀ, ಯಾವ ಬೂಟ್ ತಗೊಳ್ಳಲಿ?

ದಾವಣಗೆರೆಯವನು, ಕ್ಯಾಲ್ಗರಿ

ಎಲ್ಲರಿಗೂ ನಮಸ್ಕಾರ. ಕ್ಯಾಲ್ಗರಿಗೆ ಬಂದು ಆರು ವರ್ಷ ಆಯ್ತು. ಮೊದಲ ಸಲ ಹಿಮದ ಮೇಲೆ ನಿಂತಾಗ ನನಗೆ ಮೂವತ್ತೆರಡು. ಹೋದ ಮಾರ್ಚ್‌ನಲ್ಲಿ ಕೆನಡಾದ ಸ್ಕೀ ಬೋಧಕರ ಸಂಘದ ಲೆವೆಲ್ 1 ಪಾಸ್ ಮಾಡಿದೆ. ಈ ಡಿಸೆಂಬರ್‌ನಿಂದ ಶನಿವಾರ, ಭಾನುವಾರ ಒಂದು ಸ್ಕೀ ಶಾಲೆಯಲ್ಲಿ ಕಲಿಸಬೇಕು. ಐದರಿಂದ ಎಂಟು ವರ್ಷದ ಮಕ್ಕಳೇ ಜಾಸ್ತಿ ಅಂತ ಹೇಳಿದ್ದಾರೆ. ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ, "ಕೊಡಗಿನ ಭವಾನಿ ಮಾಡ್ತಾರಲ್ಲ, ಅದೇನಾ?" ಅಂತ ಕೇಳಿದರು. ಸ್ಕೀ ಪಟು ಭವಾನಿಯವರದು ಕ್ರಾಸ್ ಕಂಟ್ರಿ, ಹಿಮ್ಮಡಿ ಎತ್ತಿ ನಡೆಯುವ ಸ್ಕೀ. ನನ್ನದು ಆಲ್ಪೈನ್, ಇಳಿಜಾರಿನಲ್ಲಿ ಜಾರುವುದು ಅಂತ ವಿವರಿಸಿದೆ.

ಈಗ ನನ್ನ ಪ್ರಶ್ನೆ. ಎತ್ತರ 172 ಸೆಂ.ಮೀ., ತೂಕ 74 ಕೆ.ಜಿ. ಬಾಡಿಗೆ ಅಂಗಡಿಯವರು ಸೀಸನ್ ಕೊನೆಗೆ ಮಾರಿದ ಹಳೇ ಸ್ಕೀ ಇದೆ. 160 ಸೆಂ.ಮೀ. ಉದ್ದ, ನಡು ಅಗಲ 74 ಮಿ.ಮೀ. ಬೂಟ್ 28.5 ಸೈಜ್, ಫ್ಲೆಕ್ಸ್ (ಬೂಟಿನ ಗಟ್ಟಿತನ) 80. ಕೈಯಲ್ಲಿ 1,300 ಡಾಲರ್ ಇದೆ. 177 ಸೆಂ.ಮೀ. ಉದ್ದದ, 88 ಮಿ.ಮೀ. ಅಗಲದ ಹೊಸ ಸ್ಕೀ ನೋಡಿಟ್ಟಿದ್ದೇನೆ. ಮೇಷ್ಟ್ರಾಗಿ ನಿಂತಾಗ ಹಳೇ ಸ್ಕೀ ಕಾಲಲ್ಲಿದ್ದರೆ ಚೆನ್ನಾಗಿರುವುದಿಲ್ಲ ಅನ್ನಿಸುತ್ತದೆ. ಬೂಟ್ ಹಾಯಾಗಿದೆ. ಆದರೆ ಎರಡು ವರ್ಷದಿಂದ ಹೆಬ್ಬೆರಳಿನ ಉಗುರು ಕಪ್ಪಾಗುತ್ತಿದೆ. ಇನ್ನೂ ಒಂದು ಸೈಜ್ ದೊಡ್ಡದು ತಗೊಳ್ಳಲೇ?

ಶಿರಸಿಯ ಅಕ್ಕ

ಬೇಡ ತಮ್ಮಾ, ದೊಡ್ಡದು ತಗೊಳ್ಳಬೇಡ. ನಿನ್ನ ಬೂಟ್ ಈಗಲೇ ದೊಡ್ಡದು.

ಇದು ನಾನು ಕಲಿಸುತ್ತಿರುವ ಒಂಬತ್ತನೇ ಚಳಿಗಾಲ. ಮೊದಲ ವರ್ಷ ನನ್ನ ಎರಡೂ ಹೆಬ್ಬೆರಳಿನ ಉಗುರು ಬಿದ್ದೇ ಹೋದವು. ನಾನೂ ಬಿಗಿಯಾಗಿದೆ ಅಂತಲೇ ತಿಳಿದಿದ್ದೆ. ಬೂಟ್ ಸಡಿಲ ಇದ್ದರೆ ಕಾಲು ಒಳಗೇ ಮುಂದಕ್ಕೆ ಜಾರಿ ಬೆರಳು ಗೋಡೆಗೆ ಬಡಿಯುತ್ತದೆ. ಪ್ರತಿ ತಿರುವಿಗೂ ಒಂದು ಏಟು. ಅದಕ್ಕೇ ಉಗುರು ಕಪ್ಪಾಗುವುದು.

ಮನೆಯಲ್ಲೇ ನೋಡಬಹುದು. ಒಳಗಿನ ಮೆತ್ತನೆಯ ಲೈನರ್ ಹೊರಗೆ ತೆಗಿ. ಖಾಲಿ ಪ್ಲಾಸ್ಟಿಕ್ ಚಿಪ್ಪಿಗೆ ಬರಿಗಾಲು ಹಾಕಿ, ಬೆರಳು ಮುಂದೆ ತಾಗುವ ಹಾಗೆ ನಿಲ್ಲು. ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಜಾಗ ಇದ್ದರೆ ಸರಿ. ಮೂರು ಬೆರಳು ಆರಾಮಾಗಿ ಹೋದರೆ ಅದು ನಿನ್ನ ಬೂಟ್ ಅಲ್ಲ. ಬೂಟಿನ ಸೈಜ್ ಅಂದರೆ ಪಾದದ ಉದ್ದ, ಸೆಂಟಿಮೀಟರ್‌ನಲ್ಲಿ. ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಅಳೆದುಕೋ.

ನಮ್ಮಂಥವರಿಗೆ ಇನ್ನೊಂದು ತೊಂದರೆ ಇದೆ. ಚಪ್ಪಲಿಯಲ್ಲಿ, ಬರಿಗಾಲಲ್ಲಿ ಬೆಳೆದವಳು ನಾನು. ಪಾದದ ಮುಂಭಾಗ ಅಗಲ, ಹಿಮ್ಮಡಿ ಸಣ್ಣದು. ಅಗಲಕ್ಕೆ ಅಂತ ಉದ್ದದ ಬೂಟ್ ತಗೊಂಡೆ, ಹಿಮ್ಮಡಿ ಒಳಗೆ ಕುಣಿಯಿತು. ಬೂಟ್‌ಗಳಲ್ಲಿ ಮುಂಪಾದದ ಅಗಲಕ್ಕೂ ಅಳತೆ ಇರುತ್ತದೆ, 98, 100, 102 ಮಿ.ಮೀ. ಅಂತ. ಉದ್ದ ಸರಿಯಾಗಿರುವುದನ್ನೇ ತಗೊಂಡು, ಒತ್ತುವ ಕಡೆ ಬಿಸಿ ಮಾಡಿ ಚಿಪ್ಪನ್ನು ಹಿಗ್ಗಿಸಬಹುದು. ಆದರೆ ದೊಡ್ಡ ಬೂಟನ್ನು ಚಿಕ್ಕದು ಮಾಡಲು ಆಗುವುದಿಲ್ಲ. ಆದ್ದರಿಂದ ಇಷ್ಟವಾದ ಬಣ್ಣ ಹುಡುಕುವ ಮೊದಲು ಒಳ್ಳೆಯ ಬೂಟ್ ಫಿಟ್ಟರ್ (ಪಾದಕ್ಕೆ ಬೂಟ್ ಹೊಂದಿಸಿಕೊಡುವವರು) ಹುಡುಕು. ವಾರದ ಮಧ್ಯೆ ಹೋಗು. ಎರಡು ಗಂಟೆ ಕೂತುಕೋ. ಒಂದೇ ಜೊತೆ ತೆಳು ಕಾಲುಚೀಲ ಹಾಕಿಕೊಂಡು ಹೋಗು. ಚಳಿ ಅಂತ ಎರಡು ಜೊತೆ ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಫ್ಲೆಕ್ಸ್ ಸುಮಾರು 100 ಸಾಕು. ಒಂದು ಕಂಪನಿಯ 100 ಇನ್ನೊಂದರ 90ರ ಹಾಗೆ ಇರುತ್ತದೆ, ಸುಮ್ನೆ ಅಂಕಿ ನೋಡಿ ಕೊಳ್ಳಬೇಡ. ನೀನು ದಿನಕ್ಕೆ ನೂರು ಸಲ ಬಗ್ಗಬೇಕು. ಮಕ್ಕಳ ಬಕಲ್ ಹಾಕಬೇಕು, ಬಿದ್ದವರನ್ನು ಎತ್ತಬೇಕು, ಪಕ್ಕಕ್ಕೆ ಹೆಜ್ಜೆ ಹಾಕಿ ಏರು ಹತ್ತಬೇಕು. ತುಂಬಾ ಗಟ್ಟಿ ಬೂಟ್ ಆದರೆ ಮಧ್ಯಾಹ್ನಕ್ಕೇ ಕಣಕಾಲು ನೋಯುತ್ತದೆ. ಅಡಿಭಾಗಕ್ಕೆ ರಬ್ಬರ್ ಇರುವ ಗ್ರಿಪ್‌ವಾಕ್ ಬೂಟ್ ನಡೆಯಲು ಹಿತ. ಆದರೆ ಎಲ್ಲ ಹಳೇ ಬೈಂಡಿಂಗ್‌ಗೂ (ಬೂಟನ್ನು ಸ್ಕೀಗೆ ಹಿಡಿದಿಡುವ ಭಾಗ) ಅದು ಹೊಂದುವುದಿಲ್ಲ. ಬೂಟ್ ಬದಲಾದರೆ ಬೈಂಡಿಂಗನ್ನು ಅಂಗಡಿಯ ಟೆಕ್ನಿಷಿಯನ್ ಹತ್ತಿರವೇ ಸರಿ ಮಾಡಿಸಿಕೋ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ನೀನು ಸ್ಕೀ ಮಾಡುವ ರೀತಿ, ಎಲ್ಲ ನೋಡಿ ಇಡುತ್ತಾರೆ. ಬಿದ್ದಾಗ ಸ್ಕೀ ಬೂಟಿನಿಂದ ಕಳಚದಿದ್ದರೆ ಮೊಣಕಾಲು ಹೋಗುತ್ತದೆ.

ಇನ್ನು ಸ್ಕೀ. ಹಳೆಯದನ್ನು ಮಾರಬೇಡ! ಪುಟ್ಟ ಮಕ್ಕಳಿಗೆ ಕಲಿಸಲು ಅದು ಬಂಗಾರ. ನಿಧಾನವಾಗಿ ಸ್ನೋಪ್ಲೋ (ಸ್ಕೀ ತುದಿ ಕೂಡಿಸಿ, ಹಿಂಭಾಗ ಅಗಲಿಸಿ ಜಾರುವುದು) ಮಾಡಿ ತೋರಿಸಲು, ಹಿಂದಕ್ಕೆ ಜಾರುತ್ತಾ ಮಗುವಿನ ಕೈ ಹಿಡಿಯಲು ಗಿಡ್ಡ, ಮೆತ್ತನೆಯ ಸ್ಕೀಯೇ ಬೇಕು. ಮಕ್ಕಳು ನಿನ್ನ ಸ್ಕೀ ಮೇಲೇ ಹತ್ತಿ ಹೋಗುತ್ತಾರೆ. ನನ್ನ ಹೊಸ ಸ್ಕೀಯ ಮೇಲ್ಮೈ ಮೊದಲ ಶನಿವಾರವೇ ಅರ್ಧ ಅಡಿ ಸೀಳಿತ್ತು.

ಒಂದು ವಿಷಯ ಹೇಳಲೇಬೇಕು. ಆ ಮೊದಲ ವರ್ಷ, ಒಂದು ಬೆಳಿಗ್ಗೆ ಮೈನಸ್ 23. ನನ್ನ ಕಾಲು ಸೆಟೆದು ಹೋಗಿತ್ತು. ಗಡಿಯಾರ ನೋಡುತ್ತಿದ್ದೆ, ಮಕ್ಕಳನ್ನಲ್ಲ. ಒಂದು ಹುಡುಗಿಯ ಕೈಗವಸು ಕಳಚಿ ಎಷ್ಟೋ ಹೊತ್ತಾಗಿತ್ತು. ನಾನು ನೋಡುವಾಗ ಬೆರಳ ತುದಿ ಬೆಳ್ಳಗಾಗಿತ್ತು. ಅವಳು ಅಳಲೂ ಇಲ್ಲ. ಒಳಗೆ ಕರೆದುಕೊಂಡು ಹೋಗಿ ನನ್ನ ಕಂಕುಳಲ್ಲಿ ಅವಳ ಕೈ ಇಟ್ಟುಕೊಂಡೆ. ಬಣ್ಣ ವಾಪಸ್ ಬಂತು, ಪುಣ್ಯ. ಅವತ್ತಿನಿಂದ ಬೂಟಿನ ದುಡ್ಡು ನನಗೋಸ್ಕರ ಖರ್ಚು ಮಾಡುವ ದುಡ್ಡು ಅಂತ ಅನ್ನಿಸಿಲ್ಲ.

ಅದಕ್ಕೇ ಬಾಕಿ ದುಡ್ಡನ್ನು ಬೆಚ್ಚಗಿರಲು ಹಾಕು. ಮೈಗೆ ತಾಗುವ ಬಟ್ಟೆ ಮೆರಿನೋ ಉಣ್ಣೆಯದ್ದು ಇರಲಿ, ಹತ್ತಿ ಬೇಡವೇ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ. ಬೆರಳು ಬಿಡಿಬಿಡಿ ಇರುವ ಗ್ಲೌಸ್ ಬದಲು ಮಿಟನ್, ಅದರೊಳಗೆ ತೆಳು ಗ್ಲೌಸ್. ಬಕಲ್ ಹಾಕುವಾಗ ಮಿಟನ್ ತೆಗೆದರೂ ಚರ್ಮ ಗಾಳಿಗೆ ಬೀಳುವುದಿಲ್ಲ. ಕನ್ನಡಿಯಂತೆ ಹೊಳೆಯುವ ಗಾಗಲ್ಸ್ ಬೇಡ, ಮಕ್ಕಳಿಗೆ ನಿನ್ನ ಕಣ್ಣು ಕಾಣಬೇಕು. ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಬೇಡ, ಒಳಗೆ ಏಟು ಬಿದ್ದಿದ್ದರೆ ಹೊರಗೆ ಗೊತ್ತಾಗುವುದಿಲ್ಲ. ಜಾಕೆಟ್ ಶಾಲೆಯವರೇ ಕೊಡುತ್ತಾರಾ ಕೇಳು. ಪೋಲ್‌ಗೆ (ಕೈಯಲ್ಲಿ ಹಿಡಿಯುವ ಕೋಲು) ಜಾಸ್ತಿ ಖರ್ಚು ಮಾಡಬೇಡ, ಪುಟ್ಟ ಮಕ್ಕಳ ತರಗತಿಯಲ್ಲಿ ಅದು ಕೈಗೆ ಅಡ್ಡಿ.

ರಾತ್ರಿ ಬೂಟನ್ನು ಕಾರಿನಲ್ಲಿ ಬಿಡಬೇಡ. ಬೆಳಿಗ್ಗೆ ಪ್ಲಾಸ್ಟಿಕ್ ಕಲ್ಲಾಗಿರುತ್ತದೆ, ಕಾಲೇ ಒಳಗೆ ಹೋಗುವುದಿಲ್ಲ. ಲೈನರ್ ತೆಗೆದು ಒಣಗಿಸು.

ಚಿನೂಕ್ ಗಾಳಿ

ಅಕ್ಕ ಹೇಳಿದ ಬೂಟಿನ ಮಾತಿಗೆ ನನ್ನದೂ ಒಪ್ಪಿಗೆ. ಸ್ಕೀ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಬೋಧಕರಿಗೆ ಹಲವು ಕಂಪನಿಗಳು ರಿಯಾಯಿತಿ ಬೆಲೆ ಕೊಡುತ್ತವೆ. ಶಾಲೆಯಲ್ಲಿ ಕೇಳದೆ ಪೂರ್ತಿ ಬೆಲೆಗೆ ಸ್ಕೀ ತಗೊಳ್ಳಬೇಡಿ. ಬೂಟ್ ಮಾತ್ರ ಫಿಟ್ಟರ್ ಹತ್ತಿರವೇ ತಗೊಳ್ಳಿ, ಆಮೇಲೆ ಅಳತೆ ಸರಿ ಮಾಡಿಸಲು ನಾಲ್ಕು ಸಲ ಅವರ ಹತ್ತಿರ ಹೋಗಬೇಕಾಗುತ್ತದೆ.

ನಿಮ್ಮ ಎತ್ತರಕ್ಕೆ 177 ಉದ್ದವಾಯಿತು. ಲೆವೆಲ್ 2ಕ್ಕೆ ಹೋಗುವಾಗ 165ರಿಂದ 170, ನಡು 72ರಿಂದ 78, ತಿರುವಿನ ತ್ರಿಜ್ಯ 14-15 ಮೀಟರ್ ಇರುವುದು ನೋಡಿ. ನಾನು ಮೊದಲು 96 ಮಿ.ಮೀ. ತಗೊಂಡೆ, ಹೊಸ ಹಿಮದ ಆಸೆಗೆ. ನಮ್ಮ ಕಡೆ ಚಿನೂಕ್ ಎಂಬ ಬೆಚ್ಚನೆಯ ಗಾಳಿ ಬೀಸಿದರೆ ಒಂದೇ ದಿನದಲ್ಲಿ ಹಿಮ ಕರಗುತ್ತದೆ, ಮರುದಿನ ಮತ್ತೆ ಗಟ್ಟಿ. ಕ್ಯಾಲ್ಗರಿ ಕಡೆಯ ನಕಿಸ್ಕಾ 1988ರ ಒಲಿಂಪಿಕ್ಸ್‌ಗೆ ಅಂತ ಕಟ್ಟಿದ ಸ್ಕೀ ಬೆಟ್ಟ, ಅಲ್ಲಿ ಯಂತ್ರದ ಹಿಮವೂ ಜಾಸ್ತಿ. ಅಂಥ ನೆಲದಲ್ಲಿ ಅಗಲ ಸ್ಕೀ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬರುವಷ್ಟರಲ್ಲಿ ತಿರುವೇ ಮುಗಿದಿರುತ್ತದೆ. ಮಕ್ಕಳು ನಮ್ಮನ್ನೇ ನೋಡಿ ಕಲಿಯುವುದಲ್ವಾ, ಆ ತಿರುವು ಸ್ಪಷ್ಟವಾಗಿರಬೇಕು.

ಹಳೇ ಸ್ಕೀಯ ಎಡ್ಜ್ (ಅಂಚಿನ ಉಕ್ಕಿನ ಪಟ್ಟಿ) ಹರಿತ ಮಾಡಿಸಿ, ವ್ಯಾಕ್ಸ್ ಹಾಕಿಸಿ. ಅರ್ಧ ಹೊಸದಾಗುತ್ತದೆ. ಸಣ್ಣ ಡೈಮಂಡ್ ಸ್ಟೋನ್ ಒಂದು ಮನೆಯಲ್ಲಿರಲಿ, ಕಲ್ಲು ತಾಗಿ ಎದ್ದ ಮುಳ್ಳು ತೆಗೆಯಲು.

ಗುಲ್ಮಾರ್ಗ್‌ಗೆ ಹೋಗಿಬಂದವಳು, ಬೆಂಗಳೂರು

ನಾನು ಕಲಿತದ್ದು ಗುಲ್ಮಾರ್ಗ್‌ನಲ್ಲಿ. ಅಲ್ಲಿ ಗೊಂಡೋಲಾದ (ರೋಪ್‌ವೇ) ಎರಡನೇ ಹಂತ ಅಫರ್ವತ್ ಬೆಟ್ಟಕ್ಕೆ ಸುಮಾರು 3,980 ಮೀಟರ್ ಎತ್ತರಕ್ಕೆ ಹೋಗುತ್ತದೆ. ಮೇಲೆ ಯಂತ್ರದಿಂದ ಸಮ ಮಾಡದ ಆಳ ಹಿಮ. 100 ಮಿ.ಮೀ. ದಾಟಿದ ಅಗಲ ಸ್ಕೀಗಳೇ ಅಲ್ಲಿ ತೇಲುವುದು. ನನ್ನ ಮಾತು ಓದಿ ಕ್ಯಾಲ್ಗರಿಯವರು ಅಗಲದ್ದು ತಗೊಳ್ಳಬಾರದು, ಮೇಲಿನ ಮಾತು ಓದಿ ಗುಲ್ಮಾರ್ಗ್‌ಗೆ ಹೋಗುವವರು 74 ಮಿ.ಮೀ.ನದು ತಗೊಂಡು ಹೋಗಬಾರದು. ಗುಲ್ಮಾರ್ಗ್ ಊರಿನ ಕೆಳಗಿನ ಇಳಿಜಾರಿನಲ್ಲಿ ಕಲಿಯುವವರಿಗೆ ಮಾತ್ರ ಕಡಿಮೆ ಅಗಲದ್ದೇ ಸರಿ.

ದಾವಣಗೆರೆಯವನು, ಕ್ಯಾಲ್ಗರಿ

ಅಕ್ಕ, ಲೈನರ್ ತೆಗೆದು ನೋಡಿದೆ. ಮೂರು ಬೆರಳು ಹೋಯ್ತು, ಇನ್ನೂ ಜಾಗ ಉಳಿದಿತ್ತು. ಪಾದ ಅಳೆದರೆ 26.8. ಎರಡು ವರ್ಷ ಸುಮ್ನೆ ನೋವು ತಿಂದೆ.

ಬುಧವಾರ ಫಿಟ್ಟರ್ ಹತ್ತಿರ ಹೋದೆ. 26.5, ಅಗಲ 102, ಫ್ಲೆಕ್ಸ್ 100. ಮೊದಲು ಹಾಕಿದಾಗ ಉಸಿರು ಕಟ್ಟಿದ ಹಾಗಾಯ್ತು. ಮುಂದೆ ಬಾಗಿ ನಿಂತ ಮೇಲೆ ಬೆರಳು ಹಿಂದೆ ಸರಿಯಿತು. ಎಡಗಾಲಿನ ಕಿರುಬೆರಳ ಹತ್ತಿರ ಚಿಪ್ಪು ಹಿಗ್ಗಿಸಿ, ಅಂಗಾಲಿನ ಅಚ್ಚಿಗೆ ಹೊಂದುವ ಒಳಹಾಸು ಹಾಕಿ ಕೊಟ್ಟರು. ಎಲ್ಲ ಸೇರಿ 790 ಡಾಲರ್. ಹಳೇ ಬೈಂಡಿಂಗ್‌ಗೆ ಗ್ರಿಪ್‌ವಾಕ್ ಆಗುವುದಿಲ್ಲ ಅಂದರು, ಮಾಮೂಲಿ ಅಡಿಯದ್ದನ್ನೇ ಹಾಕಿಸಿದೆ. ಸ್ಕೀ ಎಡ್ಜ್‌ಗೆ ಕೊಟ್ಟಿದ್ದೇನೆ. 88ರ ಆಸೆ ಬಿಟ್ಟೆ.

ಡಿಸೆಂಬರ್ ಮೊದಲ ಶನಿವಾರ ಒಂಬತ್ತು ಗಂಟೆಗೆ ನನ್ನ ತರಗತಿ. ಆರು ಮಕ್ಕಳು. ಮಿಟನ್ ತಗೊಂಡೆ, ನನಗೆ ಒಂದು ಜೊತೆ. ಮಕ್ಕಳ ಸೈಜಿನದೂ ಎರಡು ಜೊತೆ ತಗೊಂಡು ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟಿದ್ದೇನೆ.

ಶಿರಸಿಯ ಅಕ್ಕ

ಒಳಜೇಬಿನಲ್ಲಿ ಇಟ್ಟದ್ದು ಒಳ್ಳೆಯದಾಯ್ತು, ನಿನ್ನ ಮೈ ಶಾಖಕ್ಕೆ ಬೆಚ್ಚಗಿರುತ್ತವೆ. ಮನೆಯಲ್ಲಿ ಟಿವಿ ನೋಡುವಾಗ ದಿನಾ ಅರ್ಧ ಗಂಟೆ ಆ ಬೂಟ್ ಹಾಕಿಕೊಂಡು ಕೂತುಕೋ, ಶನಿವಾರದೊಳಗೆ ಲೈನರ್ ಸ್ವಲ್ಪ ಕೂರುತ್ತದೆ.