'ರೆಬೆಕಾ' ಓದಿದವರಿಗೆ ಪ್ರಶ್ನೆ: ಕೊಲೆಗಾರ ಸಿಕ್ಕಿಬೀಳದಿರಲಿ ಅಂತ ನಾವ್ಯಾಕೆ ಬೇಡಿಕೊಳ್ಳುತ್ತೇವೆ?

ಮಳೆಗಾಲದ_ಓದು:
ಡಾಫ್ನಿ ಡು ಮೊರಿಯೆ ಬರೆದ 'ರೆಬೆಕಾ' ಮುಗಿಸಿದೆ. 1938ರ ಕಾದಂಬರಿ. ಇನ್ನೂ ಓದದವರು ಇಲ್ಲೇ ನಿಲ್ಲಿಸಿ, ಕೆಳಗೆ ಗುಟ್ಟೆಲ್ಲ ಬಯಲಾಗುತ್ತದೆ.

ಮ್ಯಾಕ್ಸಿಮ್ ತನ್ನ ಮೊದಲ ಹೆಂಡತಿ ರೆಬೆಕಾಳಿಗೆ ಗುಂಡು ಹೊಡೆದು, ಹೆಣವನ್ನು ಅವಳದೇ ದೋಣಿಗೆ ಹಾಕಿ, ದೋಣಿಗೆ ತೂತು ಕೊರೆದು ಮುಳುಗಿಸಿದ್ದಾನೆ. ಆಮೇಲೆ ಬೇರೆ ಕಡೆ ದಡಕ್ಕೆ ಬಂದ ಯಾರದೋ ಹೆಣ ನೋಡಿ 'ಇವಳೇ ನನ್ನ ಹೆಂಡತಿ' ಅಂತ ಗುರುತು ಹೇಳಿ, ಮನೆತನದ ಸಮಾಧಿಯಲ್ಲಿ ಇಡಿಸಿದ್ದಾನೆ. ಇದನ್ನೆಲ್ಲ ಎರಡನೇ ಹೆಂಡತಿಗೆ ಅವನೇ ಹೇಳುತ್ತಾನೆ. ಅನುಮಾನಕ್ಕೆ ಜಾಗವೇ ಇಲ್ಲ. ಆದರೂ ಮುಳುಗಿದ ದೋಣಿ ಹೆಣದ ಸಮೇತ ಸಿಕ್ಕ ಮೇಲೆ ನಡೆಯುವ ವಿಚಾರಣೆಯಲ್ಲಿ ದೋಣಿ ರಿಪೇರಿಯ ಟ್ಯಾಬ್ ಎದ್ದು ನಿಂತು ತೂತುಗಳನ್ನು ಒಳಗಿನಿಂದ ಕೊರೆದಿದ್ದಾರೆ ಅಂದಾಗ ನನ್ನ ಎದೆ ಡವಡವ ಅನ್ನುತ್ತಿತ್ತು, ಅದೂ ಅಯ್ಯೋ ಇವನು ಸಿಕ್ಕಿಬಿದ್ದನಲ್ಲ ಅಂತ! ಸತ್ತವಳ ಬಗ್ಗೆ ಒಂದು ಚೂರೂ ಮರುಕ ಬರಲಿಲ್ಲ. ಪುಸ್ತಕ ಮುಚ್ಚಿದ ಮೇಲೆ ಮಾತ್ರ ಕಸಿವಿಸಿ. ನಿಮಗೂ ಹೀಗೇ ಆಯಿತಾ? ಲೇಖಕಿ ಇದನ್ನು ಹೇಗೆ ಮಾಡಿಸಿದಳು?

ಹಳೇಪುಸ್ತಕ:
ಅಧ್ಯಾಯಗಳ ಲೆಕ್ಕ ನೋಡಿ. ಒಟ್ಟು 27. ಕೊಲೆಯ ವಿಷಯ ಹೊರಬರುವುದು 19ರ ಕೊನೆಯಲ್ಲಿ, ಪೂರ್ತಿ ವಿವರ 20ರಲ್ಲಿ. ಅಲ್ಲಿಯವರೆಗೆ ನಮ್ಮ ಪ್ರಶ್ನೆ 'ಏನು ನಡೆದಿತ್ತು?' ಅಂತ. ಅಲ್ಲಿಂದಾಚೆ 'ಇವನು ಉಳಿಯುತ್ತಾನಾ?' ಅಂತ. ಪ್ರಶ್ನೆ ಬದಲಾದ ತಕ್ಷಣ ನಾವೂ ಪತ್ತೇದಾರನ ಪಕ್ಕದಿಂದ ಎದ್ದು ಕೊಲೆಗಾರನ ಪಕ್ಕ ಕೂತಿರುತ್ತೇವೆ, ಗೊತ್ತೇ ಆಗಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಓದಿ ಬೆಳೆದ ನಮ್ಮಂಥವರಿಗೆ ಕೊನೆಯಲ್ಲಿ ಕೋಳ ಬೀಳಲೇಬೇಕು. ಇಲ್ಲಿ ಕೋಳದ ಸದ್ದು ಕೇಳಿದರೇ ಭಯ.

ಆ 20ನೇ ಅಧ್ಯಾಯವನ್ನು ಇನ್ನೊಮ್ಮೆ ನಿಧಾನಕ್ಕೆ ಓದಿ. ಗಂಡ 'ನಾನು ಕೊಂದೆ' ಅನ್ನುತ್ತಿದ್ದರೆ ಈ ಹುಡುಗಿಯ ಕಿವಿಗೆ ಬೀಳುವುದು ಬೇರೆಯೇ: ಇವನು ರೆಬೆಕಾಳನ್ನು ಪ್ರೀತಿಸಿಯೇ ಇರಲಿಲ್ಲ! ಅಷ್ಟು ದಿನ ಸತ್ತವಳ ನೆರಳಲ್ಲಿ ನರಳಿದವಳಿಗೆ ಅಷ್ಟೇ ಸಾಕು. ಅವಳ ಆ ಸಮಾಧಾನವೇ ನಮಗೂ ಅಂಟಿಕೊಳ್ಳುತ್ತದೆ. ನನಗೆ ಇಡೀ ಪುಸ್ತಕದಲ್ಲಿ ಮೈ ಜುಮ್ಮೆನ್ನಿಸಿದ ಜಾಗ ಅದು, ಮನೆವಾರ್ತೆ ನೋಡುವ ಮಿಸೆಸ್ ಡ್ಯಾನ್ವರ್ಸ್ ಅವಳನ್ನು ಕಿಟಕಿಯಿಂದ ಹಾರಲು ಪುಸಲಾಯಿಸುವ ಜಾಗಕ್ಕಿಂತ ಜಾಸ್ತಿ.

ಕರಿಕೋಟು:
ವಕೀಲಿಕೆಯ ಕಡೆಯಿಂದ ಎರಡು ಮಾತು. ಆಗ ಇಂಗ್ಲೆಂಡಿನಲ್ಲಿ ಕೊಲೆ ಸಾಬೀತಾದರೆ ನೇಣು. ಕೊಲೆಗೆ ಮರಣದಂಡನೆ ನಿಂತಿದ್ದು 1965ರಲ್ಲಿ. ಹಾಗಾಗಿ 1938ರ ಓದುಗನಿಗೆ ಪ್ರತಿ ಸಾಕ್ಷಿಯ ಹಿಂದೆಯೂ ಹಗ್ಗ ಕಾಣುತ್ತಿತ್ತು. ಕರೋನರ್ ವಿಚಾರಣೆ, ಅಂದರೆ ಅಸಹಜ ಸಾವಿಗೆ ಕಾರಣ ಏನು ಅಂತ ನೋಡುವ ವಿಚಾರಣೆ, ಸುಮ್ನೆ ಶಾಸ್ತ್ರ ಅಂದುಕೊಳ್ಳಬೇಡಿ. ಆಗ ಕರೋನರ್ ಜೂರಿ ಇಂಥವನೇ ಕೊಲೆಗಾರ ಅಂತ ಹೆಸರು ಹೇಳಬಹುದಿತ್ತು. ಆ ಅಧಿಕಾರ ಹೋಗಿದ್ದು 1977ರ ಕಾನೂನಿನಿಂದ. ಅದಕ್ಕೆ ಎರಡು ವರ್ಷ ಮುಂಚೆ ಒಂದು ಜೂರಿ, ಮಕ್ಕಳ ಆಯಾಳ ಕೊಲೆಯಲ್ಲಿ, ಲಾರ್ಡ್ ಲೂಕನ್ ಎಂಬ ಸಿರಿವಂತ ಮನೆತನದವನ ಹೆಸರನ್ನು ಹಾಗೇ ಹೇಳಿತ್ತು. ಕಾದಂಬರಿಯ ಜೂರಿ ಆತ್ಮಹತ್ಯೆ ಅಂದುಬಿಡುತ್ತದೆ, ಅಲ್ಲಿಗೆ ನಾವು ಉಸಿರು ಬಿಡುತ್ತೇವೆ.

ರೆಬೆಕಾ ಕೆಣಕಿದಳು, ಮ್ಯಾಕ್ಸಿಮ್‌ಗೆ ಸಿಟ್ಟು ಬಂತು ಅನ್ನುವ ವಾದ? ಬರೀ ಬಾಯಿಮಾತಿನ ಪ್ರಚೋದನೆ ಅಂತ ಹೇಳಿ ಬಚಾವಾಗುವುದು ಆಗ ತುಂಬಾ ಕಷ್ಟ. ಅದಕ್ಕೆ ಸರಿಯಾದ ದಾರಿ ತೆರೆದಿದ್ದು 1957ರ ಹೋಮಿಸೈಡ್ ಆಕ್ಟ್, ಅಂದರೆ ನರಹತ್ಯೆ ಕಾನೂನು. ಮೇಲಾಗಿ ಇವನು ಬಂದೂಕು ಹಿಡಿದುಕೊಂಡೇ ಹೋಗಿದ್ದ.

ನಿಮ್ಮ ಪ್ರಶ್ನೆ ಕೇಳಿ ನನಗೆ ನೆನಪಾಗಿದ್ದು ಮುಂಬೈನ ನಾನಾವತಿ ಕೇಸು, 1959. ನೌಕಾಪಡೆಯ ಅಧಿಕಾರಿ, ಹೆಂಡತಿಯ ಪ್ರಿಯಕರನ ಮನೆಗೇ ಹೋಗಿ ಅವನಿಗೆ ಗುಂಡು ಹೊಡೆದ. ಜೂರಿ 8-1ರಲ್ಲಿ ತಪ್ಪಿತಸ್ಥ ಅಲ್ಲ ಅಂದಿತು. ಹೈಕೋರ್ಟ್ ಒಪ್ಪಲಿಲ್ಲ, ಜೀವಾವಧಿ ಕೊಟ್ಟಿತು. 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹಡಗಿಗೆ ಹೋಗಿ ರಿವಾಲ್ವರ್ ತರುವಷ್ಟು ಹೊತ್ತು ಇದ್ದವನಿಗೆ ಸಿಟ್ಟು ಇಳಿಯಲೂ ಹೊತ್ತು ಇತ್ತು ಅನ್ನುವುದು ಅವರ ತರ್ಕ. 1964ರಲ್ಲಿ ಕ್ಷಮಾದಾನ ಸಿಕ್ಕಿತು. ಸಮವಸ್ತ್ರ, ಒಳ್ಳೆಯ ಮನೆತನ, ಮೋಸಹೋದ ಗಂಡ ಅನ್ನುವ ಕಥೆ, ಇಷ್ಟು ಸಿಕ್ಕರೆ ಎಂಟು ಜನ ಕರಗುತ್ತಾರೆ. ಮ್ಯಾಂಡರ್ಲಿ ಅನ್ನುವ ದೊಡ್ಡ ಬಂಗಲೆಯ ಯಜಮಾನ ಮ್ಯಾಕ್ಸಿಮ್‌ಗೆ ನಾವು ಕರಗಿದ್ದರಲ್ಲಿ ಆಶ್ಚರ್ಯ ಏನಿದೆ?

ನಿದ್ದೆಗೇಡಿ:
ಕಥೆ ಚೆನ್ನಾಗಿತ್ತು, ಓದಿದೆ, ಮಲಗಿದೆ. ಇದಕ್ಕೆಲ್ಲ ಕೋರ್ಟು ಕಾನೂನು ಯಾಕೆ ಸ್ವಾಮಿ.

ಕಾಫಿ_ಕಪ್ಪು:
@ನಿದ್ದೆಗೇಡಿ ಹೆಸರಿಗೂ ಮಾತಿಗೂ ತಾಳೆಯೇ ಇಲ್ಲವಲ್ಲ ಸರ್ 😄

@ಕರಿಕೋಟು ಒಪ್ಪಿದೆ, ಆದರೆ ನನ್ನ ಸಿಟ್ಟು ಬೇರೆ. ಅಗಾಥಾ ಕ್ರಿಸ್ಟಿಯ 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್'ನಲ್ಲೂ ನಾವು ಕೊಂದವರ ಪರ ನಿಲ್ಲುತ್ತೇವೆ. ಅಲ್ಲಿ ಸತ್ತವನು ಮಗುವನ್ನು ಅಪಹರಿಸಿ ಕೊಂದವನು, ಪತ್ತೇದಾರ ಪ್ವಾರೋ ತಾನೇ ಅದನ್ನು ಪತ್ತೆ ಮಾಡುತ್ತಾನೆ. ರೆಬೆಕಾ ಎಂಥವಳು ಅಂತ ಹೇಳಿದ್ದು ಯಾರು? ಅವಳನ್ನು ಕೊಂದವನು. ಅವಳಿಗೆ ಇಡೀ ಪುಸ್ತಕದಲ್ಲಿ ಬಾಯಿಯೇ ಇಲ್ಲ. ಕೈಬರಹ, ಬಟ್ಟೆ, ಆಳೆತ್ತರದ 'ಆರ್' ಸಹಿ, ಅಷ್ಟೇ. ಕಥೆ ಹೇಳುವ ಹೆಂಡತಿಗೆ ಹೆಸರಿಲ್ಲ, ಹೆಸರಿದ್ದವಳಿಗೆ ಜೀವವಿಲ್ಲ.

ಇನ್ನೊಂದು ಗಮನಿಸಿ. ಆ ಪುಸ್ತಕದಲ್ಲಿ ಇದು ಕೊಲೆ ಅಂತ ಕೂಗಿ ಹೇಳುವವನು ರೆಬೆಕಾಳ ಸೋದರಸಂಬಂಧಿ, ಪ್ರಿಯಕರ ಫೇವೆಲ್. ಕುಡುಕ, ದುಡ್ಡಿಗೆ ಬೆದರಿಸುವವನು, ಹೆಣ್ಣುಗಳನ್ನು ಕೆಟ್ಟದಾಗಿ ನೋಡುವವನು. ಅವನು ಹೇಳುವುದು ನಿಜ! ಆದರೆ ನಿಜವನ್ನು ಅಂಥವನ ಬಾಯಿಗೆ ಹಾಕಿದರೆ ಯಾರು ಕೇಳುತ್ತಾರೆ? ಮ್ಯಾಜಿಸ್ಟ್ರೇಟ್ ಜೂಲಿಯನ್‌ಗೆ ಗೊತ್ತಾಗಿತ್ತು ಅಂತ ಮ್ಯಾಕ್ಸಿಮ್‌ಗೇ ಅನಿಸುತ್ತದೆ, ಆದರೂ ಆತ ಬಾಯಿ ಬಿಡಲ್ಲ. ಒಂದೇ ಮೇಜಿನಲ್ಲಿ ಊಟ ಮಾಡುವವರು ಅಲ್ವಾ.

ಹಳೇಪುಸ್ತಕ:
@ಕಾಫಿ_ಕಪ್ಪು ಪೂರ್ತಿ ಒಪ್ಪಲ್ಲ ಮೇಡಂ. ಬೆನ್ ಇದ್ದಾನಲ್ಲ, ಕಡಲ ದಡದಲ್ಲಿ ಅಲೆಯುವ ಆ ಮುಗ್ಧ. ಅವಳನ್ನು ಕಂಡರೆ ಹಾವು ಕಂಡಂತೆ ಆಗುತ್ತಿತ್ತು ಅನ್ನುತ್ತಾನೆ. ಹುಚ್ಚಾಸ್ಪತ್ರೆಗೆ ಹಾಕಿಸುತ್ತೇನೆ ಅಂತ ಅವನನ್ನು ಹೆದರಿಸಿದ್ದಳು. ಅವನಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ.

ಕಾಫಿ_ಕಪ್ಪು:
ಸರಿ, ಕೆಟ್ಟವಳೇ ಇರಲಿ. ಕೆಟ್ಟ ಹೆಂಡತಿಗೆ ಶಿಕ್ಷೆ ಗುಂಡೇಟಾ? ನಾನು ಕೇಳುತ್ತಿರುವುದು ಅಷ್ಟೇ.

ಟೂರಿಂಗ್_ಟಾಕೀಸ್:
ಹಿಚ್‌ಕಾಕ್‌ನ 1940ರ ಸಿನಿಮಾ ಯಾರೂ ಎತ್ತಲಿಲ್ಲವಲ್ಲ. ಅದರಲ್ಲಿ ಕೊಲೆಯೇ ಇಲ್ಲ! ಜಗಳದಲ್ಲಿ ರೆಬೆಕಾ ಎಡವಿ ಬಿದ್ದು, ತಲೆಗೆ ಪೆಟ್ಟಾಗಿ ಸಾಯುತ್ತಾಳೆ. ಕಾರಣ ಆಗಿನ ಹಾಲಿವುಡ್ಡಿನ ಪ್ರೊಡಕ್ಷನ್ ಕೋಡ್, ಅಂದರೆ ಸಿನಿಮಾದಲ್ಲಿ ಏನು ತೋರಿಸಬಹುದು ಅನ್ನುವ ನೀತಿಸಂಹಿತೆ. 1934ರಿಂದ ಬಿಗಿಯಾಗಿ ಜಾರಿಯಲ್ಲಿತ್ತು. ಕೊಲೆ ಮಾಡಿದವನು ಶಿಕ್ಷೆಯಿಲ್ಲದೆ ಹೆಂಡತಿ ಜೊತೆ ಸುಖವಾಗಿರುವುದನ್ನು ತೋರಿಸುವಂತಿರಲಿಲ್ಲ. ಮ್ಯಾಕ್ಸಿಮ್‌ನನ್ನು ನೇಣಿಗೆ ಹಾಕಿದರೆ ಕಥೆ ಕೆಡುತ್ತದೆ, ಅದಕ್ಕೆ ಕೊಲೆಯನ್ನೇ ತೆಗೆದುಬಿಟ್ಟರು. ಕೊನೆಗೆ ಮ್ಯಾಂಡರ್ಲಿಗೆ ಬಿದ್ದ ಬೆಂಕಿಯಲ್ಲಿ ಡ್ಯಾನ್ವರ್ಸ್ ಸಾಯುತ್ತಾಳೆ, ಪುಸ್ತಕದಲ್ಲಿ ಅವಳು ಏನಾದಳು ಅಂತಲೇ ಹೇಳಿಲ್ಲ. ಚಿತ್ರಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ನೋಡಲು ಸೊಗಸಾಗಿದೆ, ಆದರೆ ಮೇಲೆ ಕೇಳಿದ ಕಸಿವಿಸಿ ಪೂರ್ತಿ ಮಾಯ. ಉಪ್ಪಿಲ್ಲದ ಸಾರು. ನೀತಿ ಕಾಪಾಡಲು ಹೋಗಿ, ಪ್ರೇಕ್ಷಕ ತನ್ನನ್ನು ತಾನು ಪ್ರಶ್ನಿಸಿಕೊಳ್ಳುವ ಅವಕಾಶವನ್ನೇ ಕಿತ್ತುಕೊಂಡರು.

(ಇದೇ ಕಥೆಯಿಂದ ಹುಟ್ಟಿದ ಹಿಂದಿಯ 'ಕೊಹ್ರಾ' 1964ರದ್ದು. ಹೇಮಂತ್ ಕುಮಾರ್ ಹಾಡುಗಳಿಗೋಸ್ಕರವಾದರೂ ನೋಡಿ.)

ಮಳೆಗಾಲದ_ಓದು:
ಎಲ್ಲರಿಗೂ ಥ್ಯಾಂಕ್ಸ್. ಫೇವೆಲ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಒಂದು ಉಳಿಯಿತು: ಮ್ಯಾಕ್ಸಿಮ್‌ಗೆ ಶಿಕ್ಷೆ ಆಗಲೇ ಇಲ್ಲ ಅಂತೀರಾ? ಮೊದಲೆರಡು ಅಧ್ಯಾಯ ನಡೆಯುವುದು ಎಲ್ಲ ಮುಗಿದ ಮೇಲೆ. ಗಂಡ ಹೆಂಡತಿ ಪರದೇಶದ ಯಾವುದೋ ಹೋಟೆಲಿನಲ್ಲಿ ದಿನ ನೂಕುತ್ತಿದ್ದಾರೆ. ಇವಳು ಇಂಗ್ಲೆಂಡಿನ ಪೇಪರಿನಲ್ಲಿ ಕ್ರಿಕೆಟ್ ಸುದ್ದಿ ಹುಡುಕಿ ಅವನಿಗೆ ಓದುತ್ತಾಳೆ. ಮನೆಯ ನೆನಪು ತರುವ ಸುದ್ದಿ ಬಂದರೆ ದಾಟಿಸಿಬಿಡುತ್ತಾಳೆ.

ಕರಿಕೋಟು:
ಅದು ಬೇಜಾರು, ಶಿಕ್ಷೆ ಅಲ್ಲ. ಮ್ಯಾಂಡರ್ಲಿ ಸುಟ್ಟುಹೋಯಿತು ಅಂತ ಅವನಿಗೆ ದುಃಖ. ಕೊಂದಿದ್ದಕ್ಕೆ ಪಶ್ಚಾತ್ತಾಪ ಇಲ್ಲ ಅಂತ ಅವನೇ ಹೇಳುತ್ತಾನೆ. ಎಡ್ಗರ್ ಅಲನ್ ಪೋ 1843ರಲ್ಲಿ ಬರೆದ ಕಥೆಯಲ್ಲಿ ಕೊಲೆಗಾರನಿಗೆ ನೆಲಹಾಸಿನ ಕೆಳಗೆ ಹೆಣದ ಎದೆಬಡಿತ ಕೇಳಿ, ಅವನೇ ಪೊಲೀಸರ ಮುಂದೆ ಕಿರುಚಿ ಒಪ್ಪಿಕೊಳ್ಳುತ್ತಾನೆ. ಮ್ಯಾಕ್ಸಿಮ್‌ಗೆ ಏನೂ ಕೇಳಿಸಲ್ಲ. ಕೇಳಿಸುವುದು ಹೆಂಡತಿಗೆ, ಕನಸು ಬೀಳುವುದೂ ಅವಳಿಗೇ. ಕೊಂದವನು ಒಬ್ಬ, ಹೊತ್ತವಳು ಇನ್ನೊಬ್ಬಳು.

ಕಾಫಿ_ಕಪ್ಪು:
ಇದಕ್ಕೆ ಮಾತ್ರ ನನ್ನ ಪೂರ್ತಿ ಓಟು. ಮಳೆಗಾಲದ ಓದು ಅವರೇ, ಮುಂದೆ ಅದೇ ಲೇಖಕಿಯ 'ಮೈ ಕಸಿನ್ ರೇಚಲ್' ಹಿಡಿಯಿರಿ, 1951ರದ್ದು. ಅಲ್ಲಿ ರೇಚಲ್ ವಿಷ ಹಾಕಿದಳಾ ಇಲ್ಲವಾ ಅಂತ ಕೊನೆಯವರೆಗೂ ಹೇಳುವುದೇ ಇಲ್ಲ. ಓದಿ ಬನ್ನಿ, ಹೊಸ ಎಳೆ ಶುರು ಮಾಡಿ ಜಗಳ ಆಡೋಣ. ಹಾಕಿಲ್ಲ ಅನ್ನುವ ಪಕ್ಷ ನನ್ನದು, ಈಗಲೇ ಹೇಳಿದ್ದೇನೆ.